ಹಿಂದಿಂದಕ್ಕೆ ನಡೆದ ಜುಲೂಸು

ನಾರಾಯಣಪೇಟೆಯಲ್ಲಿ ಪ್ರೈಡ್ ನಡಿಗೆ ಅನ್ನುವುದು ಅದುವರೆಗೆ ಆಗಿರಲಿಲ್ಲ. ಆಗುವ ಮುಂಚೆಯೇ ಅದು ಎರಡು ಹೋಳಾಗಿ ಕೂತಿತ್ತು. ಮದುವೆಗೆ ಮೊದಲೇ ಸೋಡಚೀಟಿ ಬರೆದುಕೊಂಡವರನ್ನು ಯಾರಾದರೂ ನೋಡಿದ್ದರೆ ಅವರಿಗೆ ಈ ಮಂದಿಯ ಪರಿಚಯ ಬೇರೆ ಹೇಳಬೇಕಾಗಿಲ್ಲ.

ಒಂದು ಹೋಳಿನ ಯಜಮಾನಿ ವೀರಬಸಮ್ಮ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಹರೆಯದಲ್ಲೇ ಸೀರೆ ಉಟ್ಟ ಜೋಗಪ್ಪ. ಪೇಟೆಯ ಅರ್ಧ ಅಂಗಡಿಗಳು ಅವಳ ಕೈ ತಲೆಯ ಮೇಲೆ ಬೀಳದೆ ಬೋಣಿಗೆ ಮಾಡುವುದಿಲ್ಲ. ಇನ್ನೊಂದು ಹೋಳು ಗದ್ವಾಲದ ಶಿವಕಾಂತನದು. ಅವನು ಹೈದರಾಬಾದಿನಲ್ಲಿ ಓದಿ ಬಂದು, ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲರನ್ನೂ ಸೇರಿಸಿ ಸಂಘ ಕಟ್ಟಿದವನು. ನಡಿಗೆಯ ಮುಂದೆ ಎಲ್ಲಮ್ಮನ ಕೊಡ ಹೋಗಬೇಕು, ಚೌಡಿಕೆ ಬಾರಿಸಬೇಕು ಎಂದು ಅವಳ ಹಟ. ಮುಂದೆ ಸಂಘದ ಬ್ಯಾನರ್ ಇರಬೇಕು, ಹಕ್ಕಿನ ಘೋಷಣೆ ಕೂಗಬೇಕು ಎಂದು ಇವನ ಹಟ. ವಾಟ್ಸಾಪ್ ಗುಂಪಿನಲ್ಲಿ ಇಬ್ಬರೂ ಬೆಳಿಗ್ಗೆ ಸಿಟ್ಟಾಗಿ ಹೊರಗೆ ಹೋಗುವರು, ಮಧ್ಯಾಹ್ನ ಯಾರು ಏನಂದರೆಂದು ನೋಡಲು ಮತ್ತೆ ಒಳಗೆ ಬರುವರು.

ಈ ಎರಡು ಹೋಳಿನ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದರೆ ಮೌನಿಕಾ. ಸೀರೆಗಳಿಗೆ ಫಾಲ್ ಹೊಲಿದು ಬದುಕುವ ಹುಡುಗಿ. ಮಗನಾಗಿ ಹುಟ್ಟಿದ ಮನೆಯಿಂದ ಮಗಳಾಗಿ ಹೊರಗೆ ಬಂದ ದಿನ ಅನ್ನ ಹಾಕಿ ಮಲಗಲು ಜಾಗ ಕೊಟ್ಟವಳು ವೀರಬಸಮ್ಮ. ಗುರುತಿನ ಚೀಟಿಗೆ ಕಚೇರಿ ಕಚೇರಿ ಅಲೆದು, ಹೊಲಿಗೆ ಯಂತ್ರ ಕೊಡಿಸಿದವನು ಶಿವಕಾಂತ. ಅವಳು ಯಾರನ್ನು ಬಿಡಬೇಕು?

ಆದರೆ ಅವಳ ನಿಜವಾದ ಚಿಂತೆ ಇವರಿಬ್ಬರದ್ದಲ್ಲ. ಮಕ್ತಲ್ ಆಚೆಯ ಹಳ್ಳಿಯಲ್ಲಿ ಕುರಿ ಕಾಯುವ ಅವಳ ತಾಯಿ ಪೆಂಟಮ್ಮ ನಡಿಗೆಗೆ ಬರುತ್ತೇನೆ ಎಂದಿದ್ದಳು. ಮೌನಿಕಾ ಮೊದಲ ಸಲ ಸೀರೆ ಉಟ್ಟು ಅಂಗಳದಲ್ಲಿ ನಿಂತಾಗ ಆ ತಾಯಿ ಬೆನ್ನು ತಿರುಗಿಸಿ ಕುರಿಹಟ್ಟಿಯ ಕಡೆ ಮುಖ ಮಾಡಿದವಳು, ಮಗಳು ಬಸ್ಸು ಹತ್ತುವವರೆಗೂ ತಿರುಗಿರಲಿಲ್ಲ. ಆಮೇಲೆ ಫೋನಿನಲ್ಲಿ ಮಾತು ಮಾತ್ರ. ಅದೂ ಮಳೆ, ಕುರಿ, ಮೊಣಕಾಲು ನೋವು, ಇಷ್ಟೇ. ಮೊನ್ನೆ ಇದ್ದಕ್ಕಿದ್ದಂತೆ, "ಅದೇನೋ ಜುಲೂಸು ಅಂತಾರಲ್ಲ, ಅವತ್ತು ಬರ್ತೀನಿ. ನಾಕು ಮಂದಿ ನಡುವ ನೀ ಹೆಂಗ ನಡೀತಿ ನೋಡಬೇಕು," ಅಂದಳು. ಜುಲೂಸೇ ಇಲ್ಲವೆಂದರೆ ಆ ಹೆಂಗಸು ಅದೇ ಬಸ್ಸಿನಲ್ಲಿ ತಿರುಗಿ ಹೋಗುವವಳು, ಮತ್ತೆ ಬರುವ ಮಾತಂತೂ ಇಲ್ಲ.

ಅದಕ್ಕೇ ಮೌನಿಕಾ ರಾಜಿ ಮಾಡಿಸಲು ಮಕ್ತಲ್‌ನಲ್ಲಿ ಸಭೆ ಕರೆದಳು. ಗದ್ವಾಲಕ್ಕೂ ನಾರಾಯಣಪೇಟೆಗೂ ನಡುವಿನ ಊರು, ಯಾರ ನೆಲವೂ ಅಲ್ಲ. ಚಹಾ ಹೋಟೆಲಿನ ಮೇಲಿನ ಕೋಣೆ. ಮೇಜಿನ ಮೇಲೆ ತಟ್ಟೆಯ ತುಂಬ ಮೈಲಾರಲಿಂಗನ ಭಂಡಾರ ಇಟ್ಟಳು. ಆ ಅರಿಶಿನ ಮುಟ್ಟಿ ಆಡಿದ ಮಾತನ್ನು ಈ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ. ದೇವರಿಲ್ಲ ಎಂದು ಮೈಕಿನಲ್ಲಿ ಹೇಳುವ ಶಿವಕಾಂತನೂ ಮುರಿಯುವುದಿಲ್ಲ, ಅವನ ಮನೆದೇವರು ಮೈಲಾರ. ಕೂಡಿ ನಡೆಯುತ್ತೇವೆ ಎಂದು ಇಬ್ಬರಿಂದಲೂ ಆಣೆ ಮಾಡಿಸಿಬಿಟ್ಟರೆ ಮುಗಿಯಿತು ಎಂಬುದು ಹುಡುಗಿಯ ಲೆಕ್ಕ.

ಲೆಕ್ಕ ತಪ್ಪಿತು. ಚಹಾ ಬರುವ ಮುಂಚೆಯೇ ಜಗಳ ಬಂತು.

"ನೀವು ಆಶೀರ್ವಾದ ಮಾಡಿಕೋತ ಹೊಂಟ್ರ ಮಂದಿ ನಮಗ ಹಕ್ಕು ಕೊಡಂಗಿಲ್ರಿ, ಚಿಲ್ಲರೆ ಕೊಡ್ತಾರ," ಅಂದ ಶಿವಕಾಂತ.

"ನೀನು ಹುಟ್ಟಾಕ ಮುಂಚೆ ನಾನು ಈ ಬಜಾರದಾಗ ಸೀರಿ ಉಟ್ಟು ನಡದೀನಪಾ. ಆಗ ನಿನ್ನ ಬ್ಯಾನರ್ ಎಲ್ಲಿತ್ತು?" ಅಂದಳು ವೀರಬಸಮ್ಮ. ಅಂದವಳೇ ಭಂಡಾರದ ತಟ್ಟೆಗೆ ಕೈ ಹಾಕಿ, "ಇದರ ಆಣಿ, ಈ ಹುಡುಗನ ಬೆನ್ನ ಹಿಂದ ಒಂದು ಹೆಜ್ಜಿ ಇಡಂಗಿಲ್ಲ," ಎಂದುಬಿಟ್ಟಳು. ಶಿವಕಾಂತ ಸುಮ್ಮನಿದ್ದನೇ? ಅವನೂ ಅದೇ ತಟ್ಟೆಗೆ ಕೈ ಹಾಕಿ, "ನಾನೂ ನಿಮ್ಮ ಬೆನ್ನ ಹಿಂದ ನಡಿಯಂಗಿಲ್ರಿ," ಅಂದ. ಮೌನಿಕಾ ತಟ್ಟೆ ಎಳೆದುಕೊಳ್ಳುವಷ್ಟರಲ್ಲಿ ಇಬ್ಬರ ಮೊಣಕೈವರೆಗೂ ಅರಿಶಿನ. ಇರುವೆ ಓಡಿಸಲು ಬೆಲ್ಲ ಇಟ್ಟಂತಾಯಿತು ಅವಳ ರಾಜಿ.

ನಡಿಗೆಯ ದಿನ ಚೌಕದಲ್ಲಿ ಜನವೋ ಜನ. ಒಂದು ಕಡೆ ಕೊಡ ಹೊತ್ತ ಜೋಗಪ್ಪಗಳು, ಒಂದು ಕಡೆ ಕಾಮನಬಿಲ್ಲಿನ ಬಾವುಟ ಹಿಡಿದ ಸಂಘದವರು, ನಡುವೆ ಮಕ್ತಲ್‌ನಿಂದ ಬಂದ ಡೊಳ್ಳಿನವರು. ಯಾರೂ ಕದಲುತ್ತಿಲ್ಲ. ಅಕ್ಕಪಕ್ಕ ನಡೆಯಿರಿ ಎಂದರೆ, ಪೇಟೆಯ ಬಜಾರು ಇಕ್ಕಟ್ಟು, ಬಂಡಿ ಎದುರಾದರೆ ಒಬ್ಬರು ಹಿಂದೆ ಸರಿಯಲೇಬೇಕು. ಸರಿದರೆ ಆಣೆ ಮುರಿಯಿತು. ಪೊಲೀಸಿನವನು ಗಡಿಯಾರ ನೋಡಿ, "ಪರ್ವಾನಗಿ ಮಧ್ಯಾಹ್ನದ ತನಕ ಮಾತ್ರ ಐತಿ ನೋಡ್ರಿ," ಎಂದು ಎರಡೂ ಕಡೆಗೆ ಹೇಳಿ ನೆರಳಿಗೆ ಹೋದ.

ಅಷ್ಟು ಹೊತ್ತಿಗೆ ಪೆಂಟಮ್ಮ ಬಸ್ಸಿಳಿದು ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಚೀಲ. ಮಗಳ ಪಕ್ಕದಲ್ಲಿ ನಿಂತಳು, ಆದರೆ ಮಗಳನ್ನು ನೋಡಲಿಲ್ಲ. ಜನರನ್ನು ನೋಡಿದಳು.

"ಯಾಕ ಎಲ್ರೂ ಬಿಸಿಲಾಗ ಹಿಂಗ ನಿಂತಾರ?"

ಮೌನಿಕಾ ಅಳುವ ದನಿಯಲ್ಲಿ ಎಲ್ಲ ಹೇಳಿದಳು. ಕೊಡ, ಬ್ಯಾನರ್, ಭಂಡಾರ, ಆಣೆ. ಕೇಳುತ್ತಾ ಕೇಳುತ್ತಾ ಪೆಂಟಮ್ಮನ ಹೊಟ್ಟೆ ಕುಲುಕತೊಡಗಿತು. ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣೀರು ಒರೆಸಿಕೊಂಡು ನೆಟ್ಟಗೆ ವೀರಬಸಮ್ಮ, ಶಿವಕಾಂತ ಇಬ್ಬರ ನಡುವೆ ಹೋಗಿ ನಿಂತಳು.

"ಬೀರಪ್ಪನ ಪಲ್ಲಕ್ಕಿ ಬರೋವಾಗ ನಮ್ಮ ಪೂಜಾರಿ ಹೆಂಗ ನಡೀತಾನ, ನೋಡೀರೇನು? ದೇವರಿಗಿ ಬೆನ್ನು ತೋರ್ಸಬಾರದಂತ ಹಿಂದಿಂದಕ್ಕ ನಡೀತಾನ. ನೀವೂ ಮಾರಿಗೆ ಮಾರಿ ಮಾಡಿ, ಒಬ್ರ ಮುಖ ಒಬ್ರು ನೋಡ್ಕೋತ ನಡೀರಿ. ಯಾರ ಬೆನ್ನ ಹಿಂದೂ ಯಾರೂ ಇರಂಗಿಲ್ಲ. ಆಣಿ ಉಳೀತು."

ವೀರಬಸಮ್ಮ ಶಿವಕಾಂತನನ್ನು ನೋಡಿದಳು. ಶಿವಕಾಂತ ಆಕಾಶ ನೋಡಿದ. ಡೊಳ್ಳಿನವನಿಗೆ ಕಾದು ಕಾದು ಕೈ ತುರಿಸುತ್ತಿತ್ತು, ಒಂದು ಪೆಟ್ಟು ಹಾಕಿಯೇ ಬಿಟ್ಟ.

ಹೊರಟಿತು ನೋಡಿ ಜುಲೂಸು. ಶಿವಕಾಂತ ಮೊದಲು ಹಿಂದಿಂದಕ್ಕೆ ನಡೆದ. ಸಂಘಟನೆಯಲ್ಲಿ ಅವನು ಎಷ್ಟೇ ಗಟ್ಟಿಗನಿರಲಿ, ಹಿಮ್ಮಡಿಯ ಕಡೆ ಕಣ್ಣಿಲ್ಲ. ಬಾಳೆಹಣ್ಣಿನ ಬಂಡಿಗೆ ಇನ್ನೇನು ಡಿಕ್ಕಿ ಹೊಡೆಯಬೇಕು, ವೀರಬಸಮ್ಮ ಗಬಕ್ಕನೆ ಅವನ ಎರಡೂ ಕೈ ಹಿಡಿದಳು. "ಬಲಕ್ಕ ಬಾರೋ ಜಿದ್ದಿ, ಗಟಾರ ಐತಿ," ಎಂದು ನಡೆಸಿಕೊಂಡು ಹೋದಳು. ಒಂದು ಅಂಗಡಿ ಸಾಲು ಮುಗಿದಾಗ ಸರದಿ ಬದಲು. ಈಗ ಅವಳು ಹಿಂದಿಂದಕ್ಕೆ, ತಲೆಯ ಮೇಲೆ ಎಲ್ಲಮ್ಮನ ಕೊಡ. "ಎಮ್ಮಿ ಬಂತ್ರಿ, ನಿಂದರ್ರಿ," ಎಂದು ಅವನು ಅವಳ ಮೊಣಕೈ ಹಿಡಿದುಕೊಂಡ. ಚೌಡಿಕೆಯ ತಾಳಕ್ಕೆ ಅವನ ಘೋಷಣೆ ಅದಾಗಿಯೇ ಕೂತಿತು. "ನಮ್ಮ ಹಕ್ಕು" ಎಂದು ಅವನು ಕೂಗಿದರೆ "ಉಧೋ ಉಧೋ" ಎಂದು ಜೋಗಪ್ಪಗಳು. ಹಿಂದಿನವರಿಗೂ ಹುಚ್ಚು ಹಿಡಿಯಿತು. ಎಲ್ಲರೂ ಜೋಡಿ ಜೋಡಿ ಮಾರಿಗೆ ಮಾರಿ ಮಾಡಿ, ಒಬ್ಬರ ಕಾಲು ಒಬ್ಬರು ತುಳಿದು, ಬಿದ್ದು, ಎದ್ದು, ನಕ್ಕು ನಕ್ಕು ಸುಸ್ತಾದರು. ಸೀರೆ ಅಂಗಡಿಯ ಸೇಠುಗಳು ಗಿರಾಕಿಗಳನ್ನು ಬಿಟ್ಟು ಮೆಟ್ಟಿಲಿಗೆ ಬಂದರು. ಜುಲೂಸು ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯದೆ ಪೊಲೀಸಿನವನು ಎರಡೂ ಕಡೆಯ ವಾಹನ ನಿಲ್ಲಿಸಿದ.

ಎಲ್ಲರಿಗೂ ಜೋಡಿ ಸಿಕ್ಕಿತ್ತು, ಓಡಾಡಿ ಎಲ್ಲರನ್ನೂ ಸೇರಿಸಿದ ಮೌನಿಕಾಳಿಗೆ ಮಾತ್ರ ಇಲ್ಲ. ಎಲ್ಲರ ಕೊನೆಗೆ ಒಬ್ಬಳೇ ನಡೆಯುತ್ತಿದ್ದಳು, ನಗುತ್ತಿದ್ದಳು, ಆದರೆ ಕಣ್ಣು ದಾರಿಯ ಬದಿಯಲ್ಲಿ ಕಂಬಳಿ ಹುಡುಕುತ್ತಿತ್ತು. ನಿಂತಿದ್ದ ಜಾಗದಲ್ಲಿ ತಾಯಿ ಇರಲಿಲ್ಲ. ಬಸ್ಸಿಗೆ ಹೋದಳೇನೋ ಅನ್ನಿಸಿ ಹುಡುಗಿ ತಿರುಗಿ ಬಸ್ಸಿನ ದಾರಿ ನೋಡಿದಳು.

ಅಷ್ಟರಲ್ಲಿ ಪೆಂಟಮ್ಮ ಜನರನ್ನು ಸರಿಸಿಕೊಂಡು ಬಂದು ಅವಳ ಮುಂದೆಯೇ ನಿಂತಳು. ಚೀಲವನ್ನು ಹೆಗಲಿಗೆ ಏರಿಸಿ, ಮಗಳ ಮುಖಕ್ಕೆ ಮುಖ ಮಾಡಿ, ಹಿಂದಿಂದಕ್ಕೆ ಹೆಜ್ಜೆ ಇಡತೊಡಗಿದಳು.

"ಬ್ಯಾಡ ಯವ್ವಾ, ಮೊಣಕಾಲು ನೋವು ಅಂತಿದ್ದಿ. ಬೀಳ್ತಿ."

"ದಾರಿ ನೀ ನೋಡಿ ಹೇಳು. ನಾ ನಿನ್ನ ನೋಡಾಕ ಬಂದೀನಿ," ಅಂದಳು ಪೆಂಟಮ್ಮ. ಹಣೆಯಿಂದ ಕಾಲಿನವರೆಗೆ ನೋಡಿದಳು, ಅವಸರವಿಲ್ಲದೆ. "ಸೆರಗು ಜಾರೇತಿ ಮಗಳ, ಸರಿ ಮಾಡ್ಕೊ."

ಮೌನಿಕಾ ಸೆರಗು ಸರಿ ಮಾಡಿಕೊಂಡಳು. ಕಣ್ಣು ತುಂಬಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ತಾಯಿಯ ಎರಡೂ ಕೈ ಹಿಡಿದುಕೊಂಡು ಹೇಳಿದಳು, "ಸ್ವಲ್ಪ ಎಡಕ್ಕ ಬಾ ಯವ್ವಾ, ಕಲ್ಲು ಐತಿ."