ಬಿನ್ ನರಸಪ್ಪ

ಗುರುಮೂರ್ತಿಗಳು ತುಮಕೂರು ಪುರಸಭೆಯ ಜನನ-ಮರಣ ವಿಭಾಗದಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ಪೇಟೆಯಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಇವರ ರಿಜಿಸ್ಟರಿಗೆ ಏರಿದ ಮೇಲೆಯೇ ಅದು ಖಾತ್ರಿ. ಇಂಥ ಮನುಷ್ಯನಿಗೆ ಸ್ವಂತ ತಂದೆ ಯಾವಾಗ ಸತ್ತರು ಎನ್ನುವುದು ಎಪ್ಪತ್ತೆರಡು ತುಂಬಿದರೂ ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ತಂದೆ ಸೀತಾರಾಮಯ್ಯ ಗುಮಾಸ್ತರ ಕೆಲಸ ಹುಡುಕಿಕೊಂಡು ಸಿಂಗಪುರಕ್ಕೆ ಹಡಗು ಹತ್ತಿದಾಗ ಹೆಂಡತಿ ನಾಗರತ್ನಮ್ಮ ಬಸುರಿ. ‘ಗಂಡಾದರೆ ಗುರುಮೂರ್ತಿ ಎಂದು ಹೆಸರಿಡು’ ಎಂದು ಬರೆದ ಒಂದೇ ಒಂದು ಕಾಗದ ಬಂತು. ಗಂಡು ಮಗುವಾಯಿತೆಂದು ಇಲ್ಲಿಂದಲೂ ಒಂದು ಕಾಗದ ಹೋಯಿತು. ಆಮೇಲೆ ಸಿಂಗಪುರಕ್ಕೆ ಜಪಾನಿನವರು ಬಂದರು, ಕಾಗದ ನಿಂತಿತು. ಭಾವಂದಿರ ಮಾತು ಕೇಳಲಾರದೆ ನಾಗರತ್ನಮ್ಮ ಕೂಸನ್ನು ಎತ್ತಿಕೊಂಡು ಗಂಡನ ಊರು ನೆಲ್ಲಿಕಟ್ಟೆ ಬಿಟ್ಟು ತುಮಕೂರಿನ ತವರಿಗೆ ಬಂದರು. ಮೂವತ್ತು ವರ್ಷ ಹಣೆಯ ಕುಂಕುಮವನ್ನು ಮಾತ್ರ ಬಿಡಲಿಲ್ಲ. “ಅವರು ಹೋಗಿದ್ದಾರೆ ಅಂತ ಯಾರು ನೋಡಿದ್ದಾರೋ ಅವರು ಬಂದು ನನ್ನೆದುರು ಹೇಳಲಿ” ಎನ್ನುತ್ತಿದ್ದರು.

ಆಕೆ ಹೋದದ್ದು ಎಪ್ಪತ್ತೊಂದರ ಮಾರ್ಚಿನಲ್ಲಿ. ಹೆಣವನ್ನು ಮುತ್ತೈದೆಯಂತೆ ಸಿಂಗರಿಸಬೇಕೋ ಬೇಡವೋ ಎಂದು ಅಂಗಳದಲ್ಲೇ ಜಗಳ ಎದ್ದಿತು. “ಮೂವತ್ತು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆ ಅಂತ ಯಾವ ಬಾಯಲ್ಲಿ ಹೇಳ್ತೀಯೋ?” ಎಂದು ನೆಲ್ಲಿಕಟ್ಟೆಯಿಂದ ಬಂದಿದ್ದ ದೊಡ್ಡಪ್ಪ ಗದರಿದರು. ಇಪ್ಪತ್ತೊಂಬತ್ತರ ಗುರುಮೂರ್ತಿಗೆ ಎದುರಾಡುವ ಎದೆ ಇರಲಿಲ್ಲ. ಬಳೆ ತೆಗೆಸಿದರು, ಕುಂಕುಮ ಒರೆಸಿದರು, ಹಾಗೆಯೇ ಕಳಿಸಿದರು. ವಾರದ ಮೇಲೆ ಕಚೇರಿಯಲ್ಲಿ ತಾಯಿಯ ಮರಣವನ್ನು ತಾವೇ ನಮೂದಿಸಿದರು: ‘ನಾಗರತ್ನಮ್ಮ ಕೋಂ ಲೇಟ್ ಸೀತಾರಾಮಯ್ಯ’. ಆ ‘ಲೇಟ್’ ಎಂಬ ಪದ ಅಂದಿನಿಂದ ಎದೆಯಲ್ಲಿ ಕೂತಿತ್ತು. ಇಬ್ಬರಲ್ಲಿ ಯಾರು ಮೊದಲು ಹೋದದ್ದು? ಗುರುಮೂರ್ತಿಗಳಿಗೆ ಬೇಕಾಗಿದ್ದದ್ದು ಇಷ್ಟೇ.

ಎರಡು ಸಾವಿರದ ಹದಿನಾಲ್ಕರಲ್ಲಿ ಮಗಳು ವಿನುತಾ ಅವರನ್ನು ಸಿಂಗಪುರದ ಬುಕಿತ್ ಬಾಟೋಕಿನ ತನ್ನ ಮನೆಗೆ ಕರೆಸಿಕೊಂಡಳು. ಬೇರೆಯವರ ಅಪ್ಪಂದಿರು ಬಂದರೆ ಝೂ ನೋಡುತ್ತಾರೆ, ಸೆಂಟೋಸಾ ದ್ವೀಪ ನೋಡುತ್ತಾರೆ. ಇವರು ಬಂದ ಮೂರನೇ ದಿನವೇ ಹಳೇ ಪೇಪರುಗಳನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿದರು.

ಹುಡುಕಾಟ ಶುರುವಾದದ್ದು ಸರ್‌ನೇಮಿನಿಂದ. ವಿನುತಾಳ ಪಾಸ್‌ಪೋರ್ಟು ಮಾಡಿಸುವಾಗ ಆ ಖಾನೆ ಖಾಲಿ ಬಿಡುವಂತಿಲ್ಲ ಎಂದು ಏಜೆಂಟು ಹೆದರಿಸಿದ್ದರಿಂದ ಗುರುಮೂರ್ತಿಗಳೇ ಊರ ಹೆಸರು ನೆಲ್ಲಿಕಟ್ಟೆಯನ್ನು ಅಲ್ಲಿ ತುಂಬಿಸಿದ್ದರು. ಹಾಗೆ ಹುಟ್ಟಿದ ಮನೆತನದ ಹೆಸರನ್ನು ಹದಿನಾರು ವರ್ಷಗಳಲ್ಲಿ ತಾವೇ ನಂಬಿಬಿಟ್ಟಿದ್ದರು. ವಿನುತಾ ಇಂಟರ್‌ನೆಟ್ಟಿನಲ್ಲಿ ಜಾಲಾಡಿದಾಗ ಇಡೀ ಸಿಂಗಪುರದಲ್ಲಿ ಇಬ್ಬರು ನೆಲ್ಲಿಕಟ್ಟೆಗಳು ಸಿಕ್ಕರು. ಒಬ್ಬಳು ಅವಳೇ. ಇನ್ನೊಬ್ಬ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಕೆಲಸ ಮಾಡುವ ಅವಿನಾಶ್. ಭಾನುವಾರ ಊಟಕ್ಕೆ ಕರೆದರು. ಬಂದ, ಎರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡ.

“ನಮ್ ಫ್ಯಾಮಿಲೀಲಿ ಸಿಂಗಪುರಕ್ಕೆ ಬಂದಿರೋನು ನಾನೇ ಫಸ್ಟು ಅಂಕಲ್. ಊರು ಒಂದೇ, ಅಷ್ಟೇ. ನಮ್ಮ ಮನೆಯೋರೇ ಬೇರೆ” ಎಂದ. ಬಾಳೆಹಣ್ಣು ತಿಂದು ಹೋದ.

ಮನೆಯ ಕಂಪ್ಯೂಟರಿನಲ್ಲಿ ತೆರೆಯದ ಪೇಪರುಗಳು ಲೈಬ್ರರಿಯಲ್ಲಿ ಸಿಗುತ್ತವೆ ಎಂದು ಗೊತ್ತಾದ ಮೇಲೆ ಗುರುಮೂರ್ತಿಗಳು ಅದನ್ನೇ ಕಚೇರಿ ಮಾಡಿಕೊಂಡರು. ಬೆಳಿಗ್ಗೆ ಮೊಸರನ್ನದ ಡಬ್ಬಿ ಹಿಡಿದು ಎಮ್ಆರ್‌ಟಿ ರೈಲು ಹತ್ತುವುದು, ಬೂಗಿಸ್‌ನಲ್ಲಿ ಇಳಿಯುವುದು, ಲೈಬ್ರರಿಯ ಹನ್ನೊಂದನೇ ಮಹಡಿಯಲ್ಲಿ ಐದರವರೆಗೆ ಕೂರುವುದು. ಅಲ್ಲಿನ ಸಿಬ್ಬಂದಿ ಹಫೀಜ್ ಎಂಬ ನಡುವಯಸ್ಸಿನ ಮಲಯ್ ಮನುಷ್ಯ, ತಾಳ್ಮೆಯ ಮೂರ್ತಿ. ನೆಲ್ಲಿಕಟ್ಟೆ ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಹಾಕಿ ನೋಡಿದ. ಯುದ್ಧದಲ್ಲಿ ಸತ್ತವರ ಪಟ್ಟಿ, ಹಡಗಿನವರ ಪಟ್ಟಿ, ಶ್ರದ್ಧಾಂಜಲಿಯ ಜಾಹೀರಾತು, ಎಲ್ಲಿಯೂ ಒಬ್ಬ ನೆಲ್ಲಿಕಟ್ಟೆ ಸತ್ತಿರಲಿಲ್ಲ, ಬದುಕಿರಲೂ ಇಲ್ಲ.

ಹೊರಡಲು ಐದು ದಿನ ಉಳಿದಿತ್ತು. ಅಂದು ಮಧ್ಯಾಹ್ನ ಸೋತು ಕೂತಿದ್ದ ಗುರುಮೂರ್ತಿಗಳ ಮುಂದೆ ಹಫೀಜ್ ಒಂದು ಅರ್ಜಿ ಇಟ್ಟ. ಹಳೇ ಪೇಪರುಗಳ ಫಿಲ್ಮ್ ಸುರುಳಿ ತರಿಸುವುದಕ್ಕಂತೆ. ಕೆಳಗೆ ತನ್ನ ಪೂರ್ತಿ ಹೆಸರನ್ನು ತಾನೇ ಬರೆದ: ಹಫೀಜ್ ಬಿನ್ ಯೂಸುಫ್.

ಗುರುಮೂರ್ತಿಗಳು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಯೂಸುಫ್ ನಿಮ್ಮ ಸರ್‌ನೇಮಾ?” ಎಂದು ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಕೇಳಿದರು.

“ಇಲ್ಲ ಅಂಕಲ್, ಅದು ನಮ್ಮಪ್ಪನ ಹೆಸರು. ನಮಗೆ ಸರ್‌ನೇಮೇ ಇಲ್ಲ. ಇಲ್ಲಿನ ಹಳೇ ಇಂಡಿಯನ್ನರಿಗೂ ಇಲ್ಲ. ಇಂಥವರ ಮಗ ಇಂಥವರು, ಅಷ್ಟೇ.”

ಗುರುಮೂರ್ತಿಗಳು ಹಣೆ ಹಣೆ ಬಡಿದುಕೊಂಡರು. ಮೂವತ್ತೈದು ವರ್ಷ ಬರೆದದ್ದೇನು ಮತ್ತೆ? ರಾಮಣ್ಣ ಬಿನ್ ಕೆಂಚಪ್ಪ, ಅಬ್ದುಲ್ ಬಿನ್ ಖಾದರ್, ಹಿಂದೂ ಮುಸಲ್ಮಾನ ಎನ್ನದೆ ತುಮಕೂರಿನ ಅಷ್ಟೂ ಗಂಡಸರನ್ನು ಅಪ್ಪನ ಹೆಸರಿಗೆ ಗಂಟು ಹಾಕಿದ ಕೈ ಇದು. ಸ್ವಂತ ಅಪ್ಪನನ್ನು ಹುಡುಕುವಾಗ ಏಜೆಂಟಿನ ಖಾನೆಯನ್ನು ನಂಬಿಕೊಂಡು ಮೂರು ವಾರ ಹಾಳುಮಾಡಿತ್ತು. ತೊಂಬತ್ತೆಂಟರಲ್ಲಿ ಹುಟ್ಟಿದ ಸರ್‌ನೇಮನ್ನು ನಲವತ್ತೊಂದರಲ್ಲಿ ಹಡಗು ಹತ್ತಿದ ಮನುಷ್ಯ ಎಲ್ಲಿಂದ ತಂದಾನು! ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

“ಸೀತಾರಾಮಯ್ಯ, ನರಸಪ್ಪನ ಮಗ ಅಂತ ಹಾಕಿ” ಎಂದರು.

ಹತ್ತು ನಿಮಿಷವೂ ಹಿಡಿಯಲಿಲ್ಲ. ಹಫೀಜ್ ಪರದೆಯನ್ನು ಇವರ ಕಡೆ ತಿರುಗಿಸಿದ. ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಹೀರಾತು. ಗುರುಮೂರ್ತಿಗಳು ಹೆಸರು ಓದಲಿಲ್ಲ. ಗುಮಾಸ್ತರ ಕಣ್ಣು ಮೊದಲು ತಾರೀಕಿಗೆ ಹೋಯಿತು. ಹದಿನಾಲ್ಕನೇ ಆಗಸ್ಟ್, ಸಾವಿರದ ಒಂಬೈನೂರ ಎಪ್ಪತ್ಮೂರು.

ಬೆರಳು ಮಡಿಸಿ ಎಣಿಸಿದರು. ಅಮ್ಮ ಹೋದ ಮೇಲೆ ಎರಡು ವರ್ಷ, ಐದು ತಿಂಗಳು.

ಆಮೇಲೆ ಉಳಿದದ್ದನ್ನು ಓದಿದರು. ನರಸಪ್ಪನವರ ಮಗ ಸೀತಾರಾಮಯ್ಯ, ಐವತ್ತೆಂಟು ವರ್ಷ, ರಬ್ಬರ್ ಗೋದಾಮಿನ ಗುಮಾಸ್ತರು, ನಿಧನರಾದರು. ಉಳಿದ ಕುಟುಂಬ: ಪತ್ನಿ ನಾಗರತ್ನ, ಮಗ ಗುರುಮೂರ್ತಿ, ಇಬ್ಬರೂ ಇಂಡಿಯಾದಲ್ಲಿ. ಕೆಳಗೆ, ಸಹೋದ್ಯೋಗಿಗಳಿಂದ.

ಬೇರೆ ಯಾರ ಹೆಸರೂ ಇರಲಿಲ್ಲ. ಇಲ್ಲೊಂದು ಸಂಸಾರ ಕಟ್ಟಿಕೊಂಡಿರಬಹುದು ಎಂದು ಅಪ್ಪನನ್ನು ಬೈದುಕೊಂಡಿದ್ದ ರಾತ್ರಿಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಆ ಮನುಷ್ಯನಿಗೆ ಹೆಂಡತಿ ಸತ್ತದ್ದೂ ಗೊತ್ತಿರಲಿಲ್ಲ. ಕಾಗದ ಬರೆದಿದ್ದರೆ ನೆಲ್ಲಿಕಟ್ಟೆಗೇ ಬರೆದಿರುತ್ತಾರೆ, ಅಲ್ಲಿ ಅದು ಯಾರ ಕೈಗೆ ಬಿತ್ತೋ. ದೊಡ್ಡಪ್ಪನನ್ನು ಕೇಳೋಣವೆಂದರೆ ತುಮಕೂರಿನ ಆಸ್ಪತ್ರೆಯಲ್ಲಾದ ಅವರ ಮರಣವನ್ನೂ ಇವರೇ ನಮೂದಿಸಿ ಮೂವತ್ತು ವರ್ಷವಾಗಿತ್ತು.

ಗುರುಮೂರ್ತಿಗಳು ಅಳತೊಡಗಿದರು, ಸದ್ದಿಲ್ಲದೆ, ಮಕ್ಕಳ ಹಾಗೆ ಮೂಗು ಒರೆಸಿಕೊಳ್ಳುತ್ತಾ. ಹಫೀಜ್ ನೀರು ತಂದಿಟ್ಟು, ಆ ಪುಟದ ಎರಡು ಪ್ರತಿ ತೆಗೆದುಕೊಟ್ಟ.

ಸಂಜೆ ವಿನುತಾ ಆಫೀಸಿನಿಂದ ಬಂದಾಗ ಅಪ್ಪ ಊಟದ ಮೇಜಿನ ಮೇಲೆ ತಮ್ಮ ಕಡತ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ವರ್ಣಿಕಾ ಹೋಮ್‌ವರ್ಕ್ ಬರೆಯುತ್ತಿದ್ದಳು. ವಿನುತಾ ಲೈಬ್ರರಿಯ ಪ್ರತಿಯನ್ನು ನಿಂತೇ ಓದಿದಳು. ಓದಿ ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

“ಅಜ್ಜಿ ಹೇಳಿದ್ದೇ ಕರೆಕ್ಟ್ ಆಗಿತ್ತಲ್ಲಪ್ಪ” ಎಂದಳು.

“ಕರೆಕ್ಟಾಗಿತ್ತು ಕಣಮ್ಮ. ನಾನೇ ತಪ್ಪು ಬರೆದೆ.”

ಕಡತದಿಂದ ತಾಯಿಯ ಮರಣಪತ್ರದ ನಕಲು ತೆಗೆದರು. ದಾಖಲೆಯಲ್ಲಿ ಒಂದು ಕಾಮಾ ಕೂಡ ತಿದ್ದಬಾರದು ಎಂದು ಕಿರಿಯರಿಗೆ ಪಾಠ ಹೇಳಿದ್ದ ಮನುಷ್ಯ, ಮೊಮ್ಮಗಳ ಪೆನ್ನು ಇಸಿದುಕೊಂಡು ‘ಲೇಟ್’ ಎಂಬ ಪದದ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲಿ, ತಿದ್ದಿದವರು ಹಾಕಲೇಬೇಕಾದ ಹಾಗೆ, ರುಜು ಹಾಕಿ ತಾರೀಕು ಬರೆದರು.

“ತಾತಾ, cannot anyhow cancel lah!” ಎಂದಳು ವರ್ಣಿಕಾ, ಮನಸ್ಸಿಗೆ ಬಂದಂತೆ ಹೊಡೆದುಹಾಕುವ ಹಾಗಿಲ್ಲ ಎಂದು ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ.

“ಇದೊಂದು ಮಾಡಬಹುದು ಪುಟ್ಟಿ” ಎಂದರು ಗುರುಮೂರ್ತಿಗಳು. ಪೆನ್ನು ಹಿಂದಕ್ಕೆ ಕೊಟ್ಟು ಮಗಳ ಕಡೆ ತಿರುಗಿದರು. “ನಾಳೆ ಲಿಟ್ಲ್ ಇಂಡಿಯಾಗೆ ಹೋಗಿಬರೋಣ ವಿನು. ಒಂದು ಹಸಿರು ಸೀರೆ, ಕುಂಕುಮ, ಒಂದು ಡಜನ್ ಹಸಿರು ಗಾಜಿನ ಬಳೆ ಬೇಕು.”

“ಯಾರಿಗಪ್ಪ? ನನಗಾ?”

“ಉಡೋದು, ತೊಡೋದು ನೀನೇ” ಎಂದರು. “ಕೊಡೋದು ನಮ್ಮಮ್ಮನಿಗೆ.”