ಮುಮ್ತಾಜಬಿಯ ಗ್ಲಿಸರಿನ್

ಕೈಯಲ್ಲಿ ಏನೂ ಇಲ್ಲದಾಗಲೂ ಮುಮ್ತಾಜಬಿ ತುಂಬಿದ ಪಾತ್ರೆ ಹಿಡಿದವಳಂತೆ ನಡೆಯುತ್ತಿದ್ದಳು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರ ಕಲಿಸುತ್ತಿದ್ದಳು, ನಾನು ಕನ್ನಡ. ಆ ನಡಿಗೆ ಅವಳಿಗೆ ದನದ ಆಸ್ಪತ್ರೆಯಿಂದ ಬಂದದ್ದು. ಹೋರಿಯ ವೀರ್ಯ ಕೆಡದಂತೆ ಇಡುವ ದ್ರವ ಸಾರಜನಕ ಅಲ್ಲಿಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು; ಮಿಕ್ಕಿದ್ದನ್ನು ಕಂಪೌಂಡರ್ ಕರಬಸಪ್ಪ ಅವಳ ಡಬ್ಬಿಗೆ ಸುರಿದುಕೊಡುತ್ತಿದ್ದ. ಬಾಯಿ ಬಿಗಿಯಬಾರದ, ಸದಾ ಹೊಗೆಯಾಡುವ ಆ ಡಬ್ಬಿಯನ್ನು ತುಳುಕದಂತೆ ಸಂತೆಯ ಗದ್ದಲದಲ್ಲಿ ಹಾಯಿಸಿ ತರಬೇಕು.

"ಏನ್ರಿ ಬಾಯಾರ, ಚಾ ಕುದ್ಯಾಕತ್ತೈತೇನ್ರಿ?" ಎಂದು ಯಾರಾದರೂ ಕೆಣಕಿದರೆ, "ಹೂಂ, ಬೆರಳ ಅದ್ದಿ ನೋಡ್ರಿ" ಎನ್ನುತ್ತಿದ್ದಳು.

ಅವಳ ಪಿಎಚ್.ಡಿ. ಆಲ್ಕೋಹಾಲುಗಳ ಮೇಲೆ. ಆ ಹೆಸರು ಕಿವಿಗೆ ಬಿದ್ದದ್ದೇ ಅತ್ತೆ ಬಿಬಿಜಾನ್ ಎರಡು ದಿನ ಮಾತು ಬಿಟ್ಟರಂತೆ. ಮೂರನೆಯ ದಿನ ಸೊಸೆ, ಅತ್ತೆ ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುವ ಗ್ಲಿಸರಿನ್ ಬಾಟಲಿಯನ್ನೇ ತಂದು ಮುಂದಿಟ್ಟಳು: "ಅಮ್ಮಾ, ಇದೂ ಅದ ಮನೆತನದ್ದರಿ. ನಾ ನೋಡಾಕತ್ತಿದ್ದು ಇದನ್ನ."

ಗ್ಲಿಸರಿನ್ ಹೆಪ್ಪುಗಟ್ಟಬೇಕಾದ ಶೈತ್ಯವನ್ನು ದಾಟಿಯೂ ಹೆಪ್ಪುಗಟ್ಟದೆ ಮಂದವಾಗುತ್ತ ಹೋಗಿ ಕೊನೆಗೆ ಗಾಜಿನಂತೆ ನಿಂತುಬಿಡುತ್ತದೆ. ಬೆಚ್ಚಗಿರುವಾಗ ವಿದ್ಯುತ್ತಿನ ಸೆಳೆತಕ್ಕೆ ರೆಪ್ಪೆ ಮಿಟುಕಿಸುವ ಮೊದಲೇ ಹೊರಳುವ ಅದರ ಅಣುಗಳು, ಸೊನ್ನೆಗಿಂತ ಎಂಬತ್ತೈದು ಡಿಗ್ರಿ ಕೆಳಗೆ ನಿಮಿಷಗಟ್ಟಲೆ ಹೊತ್ತು ತೆಗೆದುಕೊಳ್ಳುತ್ತವೆ. ಆ ಹೊತ್ತನ್ನು ಮೀಟರಿನ ಮುಳ್ಳು ನೋಡುತ್ತ ಅಳೆಯುವುದು ಅವಳ ಕೆಲಸ. "ತಡೀರಿ, ಇನ್ನೂ ನಿಂತಿಲ್ಲ" ಎಂಬ ಮಾತು ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಸ್ಟಾಫ್ ರೂಮಿನ ಜಗಳಕ್ಕೂ ಅದನ್ನೇ ಹೇಳುತ್ತಿದ್ದಳು.

೧೯೮೮ರ ಜನವರಿ. ಪ್ರಬಂಧ ಒಪ್ಪಿಸಲು ಒಂದೇ ವಾರ, ಕೊನೆಯ ಅಳತೆ ಬಾಕಿ. ಗ್ಲಿಸರಿನ್ ತಣಿಸುವ ಸಾರಜನಕವೋ ಬಳಸದಿದ್ದರೂ ಆರಿಹೋಗುವಂಥದ್ದು. ಹಿಂದಿನ ವರ್ಷ ಅಳತೆಯ ನಡುವೆ ಮನೆಯಿಂದ ಕರೆ ಬಂದು, ಮೂವತ್ತು ರೊಟ್ಟಿ ಬಡಿದು ತಿರುಗಿ ಬರುವಷ್ಟರಲ್ಲಿ ಗ್ಲಿಸರಿನ್ ಬೆಚ್ಚಗಾಗಿ ಇಡೀ ದಿನದ ದುಡಿಮೆ ಹಾಳಾಗಿತ್ತು. ಈ ಸಲ ಅವಳು ಹೇಳಿದ ಅಂಕಿಗಳನ್ನು ನಾನು ಬರೆದುಕೊಳ್ಳುತ್ತಿದ್ದೆ. ಹನ್ನೊಂದಕ್ಕೆ ಬಿಬಿಜಾನ್ ತಾವೇ ಪ್ರಯೋಗಾಲಯಕ್ಕೆ ಬಂದರು.

"ಬ್ಯಾಡಗಿಯಿಂದ ಬೀಗರು ಬಂದಾರ. ಏಳ ಬೇಟಿ, ರೊಟ್ಟಿ ಆಗಬೇಕು."

"ಬರಾಕ ಆಗಂಗಿಲ್ಲರಿ, ಅಮ್ಮಾ." ಅವಳ ಕಣ್ಣು ಮೀಟರಿನ ಮುಳ್ಳಿನಿಂದ ಕದಲಲಿಲ್ಲ.

ಮುದುಕಿ ಬಗ್ಗಿ, ಅಲುಗದೆ ನಿಂತ ಗ್ಲಿಸರಿನ್ ನೋಡಿದರು. "ಏನ್ ಕಾಯಾಕತ್ತೀ ಇಲ್ಲಿ? ಒಳಗ ಏನೂ ಹಂದವಲ್ದು."

"ಹಂದತೈತ್ರಿ. ಅದು ಕಾಣೂ ಮೊದಲ ನಾವ ಲಗೂ ಏಳತೇವಿ."

ಬಿಬಿಜಾನ್ ಇನ್ನೊಮ್ಮೆ ಬಗ್ಗಿ ನೋಡಿ, "ಸಂಜೀಕರ ಬಾ" ಎಂದು ಹೊರಟುಹೋದರು.

ಸಂಜೆಗೆ ಅಳತೆ ಮುಗಿಯಿತು. ಅವಳ ಜೊತೆ ಮನೆಗೆ ಹೋದೆ. ಒಲೆಯ ಮುಂದೆ ಬಿಬಿಜಾನ್ ಗಂಟುಬಿದ್ದ ಬೆರಳುಗಳಿಗೆ ಎಣ್ಣೆ ತೀಡಿಕೊಳ್ಳುತ್ತಿದ್ದರು. ನಲವತ್ತು ರೊಟ್ಟಿ ಒಬ್ಬರೇ ಬಡಿದಿದ್ದರು. ಪಡಸಾಲೆಯಲ್ಲಿ ಮುಮ್ತಾಜಬಿಯ ಗಂಡ ಜಹಾಂಗೀರ ಬೀಗರೊಡನೆ ಎಲೆ-ಅಡಿಕೆ ಮೆಲ್ಲುತ್ತಿದ್ದ. ಆ ದಿನ ಅವನನ್ನು ಒಳಗೆ ಯಾರೂ ಕರೆದಿರಲಿಲ್ಲ. ಕರೆಯಬಹುದೆಂದು ನಮಗೂ ತೋಚಿರಲಿಲ್ಲ.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಬಿಬಿಜಾನ್ ಅವರದು. ಮಾರ್ಗದರ್ಶಕರು, "ಇವರು ಯಾವ ಸಂಸ್ಥೆಯವರು?" ಎಂದು ಕೇಳಿದರಂತೆ.

ಮುಮ್ತಾಜಬಿಯಂಥವರು ದನಿ ಏರಿಸುವುದಿಲ್ಲ, ಹೊಸ್ತಿಲು ಒದೆಯುವುದಿಲ್ಲ; ಒಂದು ದಿನ ಕರೆದಾಗ ಕುಳಿತಲ್ಲಿಂದ ಏಳುವುದಿಲ್ಲ, ಅಷ್ಟೆ. ಆ ಏಳದಿರುವಿಕೆಯ ಭಾರ ಹೋಗಿ ಬೀಳುವುದು ಇನ್ನೊಬ್ಬ ಹೆಂಗಸಿನ ಬೆರಳುಗಳ ಮೇಲೆ. ಒಳಗೆ ಏನೂ ಹಂದುತ್ತಿಲ್ಲ ಎಂದು ಹೇಳುವ ಮೊದಲು, ಯಾವ ಅಡುಗೆಮನೆಯಲ್ಲಾದರೂ ನಾವು, ಅವಳು ಮುಳ್ಳು ನೋಡಿದಷ್ಟು ಹೊತ್ತು, ಕುಳಿತು ನೋಡಿದ್ದೇವೆಯೇ?