ಹನಮಂತವ್ವನ ಎದುರು ಆಡಿದ ಮಾತು

ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಎಲ್ಲಿ ವಾಲಿಬಾಲ್ ಪಂದ್ಯ ನಡೆದರೂ ಕಾಮೆಂಟ್ರಿಗೆ ನನ್ನನ್ನೇ ಕರೆಯುತ್ತಿದ್ದರು. ನನ್ನ ದನಿಯ ಬಗ್ಗೆ ನನಗೆ ಸೊಕ್ಕೂ ಇತ್ತು.

ಹೋದ ವರ್ಷ ಗೆಳೆಯ ಫಕೀರೇಶನಿಗೆ ರಕ್ತದ ಕ್ಯಾನ್ಸರ್ ಆಯಿತು. ಅವನು ಕರೆಂಟ್ ಆಫೀಸಿನ ಲೈನ್‌ಮನ್, ನಮ್ಮ ತಂಡದ ಹಳೆಯ ಆಟಗಾರ. ಅವನ ಚಿಕಿತ್ಸೆಯ ಸಹಾಯಕ್ಕೆಂದು ಮುಂಡರಗಿಯಲ್ಲಿ ಒಂದು ಭಾನುವಾರ ಪಂದ್ಯಾವಳಿ ಇಟ್ಟೆವು. ಬೆಳಿಗ್ಗೆ ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವನ ಹೆಂಡತಿ ವನಿತಾ ಫೋನ್ ಮಾಡಿದಳು.

“ಸುಭಾಸಣ್ಣಾರ, ಅತ್ತಿ ಸಿಂಗಟಾಲೂರಿಂದ ಅಲ್ಲಿಗೆ ಬರಾಕತ್ತಾರ. ಬ್ಯಾಡಂದ್ರ ಕೇಳವಲ್ರು. ಇವರಿಗೆ ರಕ್ತ ಕಡಿಮಿ ಆಗೈತಿ ಅಂತಷ್ಟ ಅತ್ತಿ ಮುಂದ ಹೇಳೇವಿ. ಮೈಕಿನಾಗ ಆ ಜಡ್ಡಿನ ಹೆಸರು ತಗೀಬ್ಯಾಡ್ರಿ.”

“ನಾ ಅದೀನಲ್ಲ ತಂಗಿ, ಚಿಂತಿ ಮಾಡಬ್ಯಾಡ” ಎಂದೆ.

ಫಕೀರೇಶನ ತಾಯಿ ಹನಮಂತವ್ವ ಆಟಗಾರರಿಗೆಂದು ರೊಟ್ಟಿ ಗಂಟು ಹೊತ್ತುಕೊಂಡೇ ಬಂದಳು. ಬ್ಯಾನರಿನಲ್ಲಿದ್ದ ಮಗನ ಫೋಟೋದ ಮೇಲೆ ಕೈಯಾಡಿಸಿದಳು. ಅವಳಿಗೆ ಓದು ಬಾರದು.

“ಕೆಳಗ ಏನ್ ಬರದೀರಿಪಾ?”

“ಜಲ್ದಿ ಆರಾಮ ಆಗಲಿ ಅಂತ ಬರದೇವಿ ಅವ್ವಾ.”

ಅವಳು ನಕ್ಕು, ಹೋಗಿ ಪೆಂಡಾಲಿನ ಮುಂದಿನ ಸಾಲಿನಲ್ಲಿ ಕುಳಿತಳು.

ಮಧ್ಯಾಹ್ನವಾದರೂ ಸಹಾಯಧನಕ್ಕೆ ಇಟ್ಟಿದ್ದ ಡಬ್ಬಿಗಳು ತುಂಬಲಿಲ್ಲ. ಜನರ ಕಣ್ಣೆಲ್ಲ ಚೆಂಡಿನ ಮೇಲೆ. ಫೈನಲ್ಲಿಗೆ ಮುಂಚೆ ನಾನು ದನಿ ತಗ್ಗಿಸಿ ಫಕೀರೇಶನ ಆಟ, ಅವನ ನಗು, ಅವನ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಮಾತಾಡತೊಡಗಿದೆ. ಮೈದಾನ ಗಪ್ಪಾಯಿತು. ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಹುರುಪು ಏರಿತು.

“ಕ್ಯಾನ್ಸರ್ ಅನ್ನೋ ಹೆಮ್ಮಾರಿ ನಮ್ಮ ಫಕೀರೇಶನ ರಕ್ತದಾಗ ಹೊಕ್ಕೈತಿ! ಸಾವಿನ ಬಾಗಿಲಿಗೆ ತಂದು ನಿಂದ್ರಿಸೈತಿ! ನಾಳೆ ಅವನ ಮಾರಿ ನೋಡ್ತೀವೋ ಇಲ್ಲೋ!”

ಆಮೇಲೆ ಎಲ್ಲರಿಗೂ ನಾನು ಹೇಳಿದ್ದು, ಮುದುಕಿ ಅಲ್ಲಿದ್ದದ್ದು ನೆನಪೇ ಇರಲಿಲ್ಲ ಎಂದು. ಅದು ಸುಳ್ಳು. ಮಾತು ಬಾಯಿಗೆ ಬರುವಾಗ ನಾನು ಅವಳನ್ನೇ ನೋಡುತ್ತಿದ್ದೆ. ನುಂಗಿಕೊಳ್ಳಬಹುದಿತ್ತು. ಜನ ಹಾಗೆ ಉಸಿರು ಬಿಗಿಹಿಡಿದು ಕೇಳುತ್ತಿದ್ದದ್ದು ಮುರಿಯುವುದು ನನಗೆ ಬೇಕಿರಲಿಲ್ಲ.

ಹನಮಂತವ್ವ ಎದ್ದು ಅಂಕಣ ದಾಟಿ ನನ್ನ ಟೇಬಲ್ಲಿನ ಹತ್ತಿರ ಬಂದಳು.

“ಸುಭಾಸಾ, ನನ್ನ ಮಗಾ ಸಾಯಾಕತ್ತಾನೇನು?”

ಮೈಕು ಚಾಲೂ ಇತ್ತು. ಅವಳ ಮಾತು ಮೈದಾನಕ್ಕೆಲ್ಲ ಕೇಳಿಸಿತು. ತಡಬಡಿಸಿ ಆರಿಸಿದೆ.

“ಇಲ್ಲವ್ವಾ. ಔಷಧ ನಾಟಾಕತ್ತೈತಿ ಅಂತ ಡಾಕ್ಟರು ಹೇಳ್ಯಾರ. ಮಂದಿ ಕೈಬಿಚ್ಚಿ ಕೊಡ್ಲಿ ಅಂತ ಹಂಗಂದೆ.”

“ಕ್ಯಾನ್ಸರ್ ಅಂದದ್ದೂ ಅದಕ್ಕನಾ?”

“ಅದು ಖರೆ, ಅವ್ವಾ.”

“ನನ್ನ ಮುಂದ ರಕ್ತ ಕಡಿಮಿ ಅಂದ್ರಿ. ಮೈಕಿನಾಗ ಸಾಯ್ತಾನ ಅಂದಿ. ಈಗ ನೋಡಿದ್ರ ಆರಾಮ ಆಗಾಕತ್ತೈತಿ ಅಂತಿ. ನಾ ಯಾವುದು ನಂಬಲೋ?”

ಅವಳು ಊಟವನ್ನೂ ಮಾಡದೆ ಹುಬ್ಬಳ್ಳಿಗೆ ಬಸ್ ಹತ್ತಿದಳು. ಇತ್ತ ಡಬ್ಬಿಗಳು ತುಂಬಿ ತುಳುಕಿದವು. ಗೆಳೆಯರು ನನ್ನ ಬೆನ್ನು ಚಪ್ಪರಿಸಿದರು. ಅವರ ಕೈ ಬಿದ್ದಲ್ಲೆಲ್ಲ ಮೈ ಹಿಡಿಯಾದಂತಾಯಿತು.

ಮರುದಿನ ಆಸ್ಪತ್ರೆಗೆ ಹೋದೆ. ಹನಮಂತವ್ವ ಮಗನ ಮಣಿಕಟ್ಟು ಹಿಡಿದು ಕುಳಿತಿದ್ದಳು.

“ಡಾಕ್ಟರು ಎದುರು ನಿಂತು ಹೇಳಿದ್ರೂ ಅವ್ವ ನಂಬವಲ್ಲಳು” ಎಂದ ಫಕೀರೇಶ. “ಕಣ್ಣು ಮುಚ್ಚಿದ್ರ ಸಾಕು, ಅಲಗ್ಯಾಡಿಸಿ ಎಬ್ಬಸ್ತಾಳ. ಆ ಮಾತು ಮರತು ಬಾಯಿಗೆ ಬಂದಿರಬೇಕು ಬಿಡಲೇ, ನಿನ್ನ ತಪ್ಪಿಲ್ಲ.”

ಹೂಂ ಎಂದು ಹಿಂದಿರುಗಬಹುದಿತ್ತು.

“ಮರತಿರಲಿಲ್ಲಲೇ. ಅವ್ವನ್ನ ನೋಡಿಕೋತನ ಅಂದೆ.”

ಫಕೀರೇಶ ಗೋಡೆಯ ಕಡೆಗೆ ಮುಖ ತಿರುಗಿಸಿದ. ವನಿತಾ ಹೊರಗೆ ಎದ್ದು ಹೋದಳು. ಹನಮಂತವ್ವ ನನ್ನನ್ನು ನೋಡಿ, ಮಗನ ಹೊದಿಕೆ ಸರಿಪಡಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಫಕೀರೇಶ ಊರಿಗೆ ಮರಳಿದ. ಈಗ ಆಫೀಸಿನಲ್ಲೇ ಹಗುರ ಕೆಲಸ ಕೊಟ್ಟಿದ್ದಾರೆ. ಎದುರಾದರೆ ಮಾತಾಡಿಸುತ್ತಾನೆ. ಅವನ ಮನೆಗೆ ಹೋದರೆ ಹನಮಂತವ್ವ ಮೊದಲಿನಂತೆಯೇ “ಉಂಡಿ ಏನಪಾ?” ಎಂದು ಕೇಳುತ್ತಾಳೆ. ನಾನು ನೆಲ ನೋಡುತ್ತ “ಆತವ್ವಾ” ಎನ್ನುತ್ತೇನೆ, ಹಸಿದಿದ್ದರೂ.